ಪ್ರೊಫೆಸರರ ಮನೆಯ ಸಮೀಕ್ಷೆ

ಭಾನುವಾರ ಬೆಳಗ್ಗೆ ಬಾಗಿಲು ತೆಗೆದಾಗ ಪ್ರೊಫೆಸರರ ಅರ್ಧ ಮುಖದಲ್ಲಿ ಸೋಪಿನ ನೊರೆ ಇತ್ತು. ಹೊರಗೆ ಅವರ ವಿದ್ಯಾರ್ಥಿನಿ ಪ್ರಶ್ನಾವಳಿ ಹಿಡಿದು ನಿಂತಿದ್ದಳು. ಅವಳ ಹಿಂದೆ, ಊರಿಂದ ಬಂದಿದ್ದ ಅವಳ ಅಜ್ಜಿ.

"ಊರಿಗೆ ಹೋಗೋಕೆ ಮುಂಚೆ ಗೊತ್ತಿರೋರ ಮನೇಲಿ ಒಂದ್ಸಲ ಕೇಳಿ ನೋಡಿ ಅಂದಿದ್ರಲ್ಲ ಸರ್. ಇಲ್ಲಿ ನನಗೆ ಗೊತ್ತಿರೋದು ನಿಮ್ಮನೆ ಒಂದೇ."

ಅಂದದ್ದು ನಿಜ. ಅಂತರರಾಷ್ಟ್ರೀಯ ಅಭಿವೃದ್ಧಿ ಮತ್ತು ಮೂಲನಿವಾಸಿ ಅಧ್ಯಯನದ ತರಗತಿಯಲ್ಲಿ ಅವರು ಪ್ರತಿವರ್ಷ ಇದನ್ನು ಹೇಳುತ್ತಾರೆ. ಹುಡುಗರು ಹಾಸ್ಟೆಲಿನ ಗೆಳೆಯರನ್ನೇ ಕೂರಿಸಿಕೊಂಡು ಶಾಸ್ತ್ರ ಮುಗಿಸುತ್ತಾರೆ. ಈ ಹುಡುಗಿಯ ಸಂಕಟ ಬೇರೆ. ಮುಂದಿನ ವಾರ ಇಡೀ ತರಗತಿ ಸಮೀಕ್ಷೆಗೆ ಹೊರಟಿದ್ದದ್ದು ಅವಳದೇ ಬೆಟ್ಟದ ಊರಿಗೆ, ಮನೆಮನೆಗೂ ಕರೆದೊಯ್ಯಬೇಕಾದವಳೂ ಅವಳೇ. ಹೋಗದಿದ್ದರೆ ಪಾಸಿಲ್ಲ. ಹೋದರೆ ಅಜ್ಜಿ ಇಲ್ಲ. "ಆ ಕಾಗದ ಹಿಡ್ಕೊಂಡು ನಮ್ಮ ಹೊಸಿಲು ದಾಟಬೇಡ" ಎಂದು ಸಾಕಿ ಬೆಳೆಸಿದ ಅಜ್ಜಿಯೇ ಹೇಳಿಬಿಟ್ಟಿದ್ದಳು.

ಪ್ರೊಫೆಸರ್ ಏನೋ ನೆಪ ಹುಡುಕುವಷ್ಟರಲ್ಲಿ ಅವರ ಹೆಂಡತಿ ಬಂದು ಇಬ್ಬರನ್ನೂ ಒಳಗೆ ಕೂರಿಸಿಯಾಗಿತ್ತು. ಎದುರಿನ ಗೋಡೆಯ ಮೇಲೆ, ಪ್ರೊಫೆಸರ್ ಹಿಂದೊಮ್ಮೆ ಅದೇ ಊರಲ್ಲಿ ತೆಗೆದು ತಮ್ಮ ಪುಸ್ತಕದ ಮುಖಪುಟ ಮಾಡಿಕೊಂಡಿದ್ದ ಫೋಟೋ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಬುಟ್ಟಿ ಹಿಡಿದ ಅದೇ ಅಜ್ಜಿ, ಯಾರೋ ಸತ್ತ ಮನೆಯ ಮುಖ. ಮಾತಿಗೊಮ್ಮೆ ನಗುವ ಅಜ್ಜಿ ಅದನ್ನು ನೋಡಿ ಈಗಲೂ ಕಿಸಕ್ಕನೆ ನಕ್ಕಳು.

"ಮನೇಲಿ ಯಾರ್ಯಾರು ಎಲ್ಲೆಲ್ಲಿ ಮಲಗ್ತೀರಿ?" ಹುಡುಗಿ ಶುರು ಮಾಡಿದಳು.

"ನಾನು ರೂಮಲ್ಲಿ. ಇವರು ಓದೋ ಕೋಣೇಲಿ," ಎಂದರು ಹೆಂಡತಿ.

"ಅದ್ಯಾಕೆ?" ಅಜ್ಜಿ ಮುಂದೆ ಬಾಗಿದಳು.

"ಯಾಕೆ ಅನ್ನೋದು ಪ್ರಶ್ನಾವಳೀಲಿ ಇಲ್ಲ," ಎಂದರು ಪ್ರೊಫೆಸರ್.

"ಇದೆ ಸರ್. ಕಾರಣ ವಿವರಿಸಿ ಅಂತ ನೀವೇ ಸೇರಿಸಿದ್ದು."

"ಗೊರಕೆ," ಎಂದು ಹೆಂಡತಿ ವಿವರಿಸಿದರು.

"ಗಂಡ ಹೆಂಡತಿ ಮೇಲೆ ರೇಗ್ತಾನಾ?" ಹುಡುಗಿ ಮುಂದಿನ ಪ್ರಶ್ನೆ ಓದಿದಳು.

"ಹಾಗಂತ ಯಾರು ಹೇಳಿದ್ರು?" ಎಂದರು ಪ್ರೊಫೆಸರ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವುದು ಓದಿದವರಿಗೂ ತಪ್ಪಿದ್ದಲ್ಲ. ಹೆಂಡತಿಗೆ ಮಾತ್ರ ಮನಸ್ಸಿನ ಭಾರ ಇಳಿದ ಹಾಗೆ ಹಾಯೆನಿಸತೊಡಗಿತ್ತು. ಮೂಢನಂಬಿಕೆಯ ಪ್ರಶ್ನೆ ಬಂದಾಗ ಅವರು ಕುರ್ಚಿಯನ್ನೇ ಹತ್ತಿರ ಎಳೆದುಕೊಂಡರು. "ಒಂದು ಹಳೇ ಪೆನ್ನಿದೆ. ಇಂಕು ಬರಲ್ಲ. ಅದು ಜೇಬಲ್ಲಿ ಇಲ್ದೆ ಇವರು ಭಾಷಣಕ್ಕೆ ಹೊರಡಲ್ಲ. ಹೋದ್ಸಲ ಅದನ್ನ ಹುಡುಕ್ತಾ ವಿಮಾನವೇ ತಪ್ಪಿಹೋಯ್ತು. ಬರ್ಕೊಳಮ್ಮ."

"ಎಲ್ರಿಗಿಂತ ಕೊನೇಲಿ ಊಟ ಮಾಡೋರು ಯಾರು?"

ಹೆಂಡತಿಯ ನಗು ಅಲ್ಲಿಗೆ ನಿಂತಿತು. ಶಾಲೆಯ ಹುಡುಗಿಯ ಹಾಗೆ ಕೈಯೆತ್ತಿದರು. ಪ್ರೊಫೆಸರ್ ಹೆಂಡತಿಯ ಕಡೆ ನೋಡಿದರು, ಆಮೇಲೆ ನೆಲದ ಕಡೆ.

"ಮುಂದಿಂದು ಶೌಚಾಲಯ. ಖುದ್ದು ನೋಡಿ ಖಚಿತಪಡಿಸಿಕೊಳ್ಳಿ ಅಂತಿದೆ," ಎಂದಳು ಹುಡುಗಿ. ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದೇಬಿಟ್ಟಳು. ಪ್ರೊಫೆಸರ್ ಅವಳಿಗಿಂತ ಮುಂಚೆ ಓಡಿ ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತರು. ಕೆನ್ನೆಯ ಮೇಲೆ ನೊರೆ ಒಣಗಿ ಬಿರುಕು ಬಿಟ್ಟಿತ್ತು.

"ಏನಮ್ಮಾ ಇದು? ಮನೆ ಅಂದ್ಮೇಲೆ ಒಂದು ಮರ್ಯಾದೆ ಬೇಡ್ವಾ? ಯಾರಾದ್ರೂ ಯಾರ ಮನೇಲಾದ್ರೂ ಇದನ್ನೆಲ್ಲ ಕೇಳ್ತಾರಾ?"

ಈ ವರ್ಷ ಪಾಸಾಗೋದು ಹೋಯಿತು ಅಂದುಕೊಂಡು ಹುಡುಗಿ ಪ್ರಶ್ನಾವಳಿ ಮಡಚಿದಳು. ತಮ್ಮ ಮಾತು ತಮ್ಮ ಕಿವಿಗೇ ಬೀಳಲು ಪ್ರೊಫೆಸರರಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನೀವು ನಮ್ಮನೇಲಿ ಕೇಳಿದ್ರಿ," ಎಂದಳು ಅಜ್ಜಿ. ಕೋಪವೇನೂ ಇರಲಿಲ್ಲ. "ಹಿತ್ತಿಲಿಗೂ ಹೋಗಿ ನೋಡಿದ್ರಿ."

ಪ್ರೊಫೆಸರ್ ಪ್ರಶ್ನಾವಳಿ ಇಸಿದುಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅಡ್ಡಗೆರೆ ಎಳೆದರು. "ಹೊಸಾದು ಬರೀರಿ. ನಿಮ್ಮಜ್ಜಿ ಮೊದಲು ಒಪ್ಪಲಿ, ಆಮೇಲೆ ನಾನು ಸಹಿ ಹಾಕ್ತೀನಿ." ಹುಡುಗಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಹೂಂಗುಟ್ಟಿದಳು. ಹುಡುಗಿಗೆ ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು, ಅಷ್ಟು ಸಂತೋಷ.

ಹೊರಡುವಾಗ ಅಜ್ಜಿ ಫೋಟೋ ತೆಗೆಯಲೆಂದು ಮೊಮ್ಮಗಳ ಮೊಬೈಲು ಇಸಿದುಕೊಂಡಳು. ಪ್ರೊಫೆಸರರನ್ನು ಬಾಗಿಲಲ್ಲಿ ನಿಲ್ಲಿಸಿ, ಕೈಗೆ ಬಚ್ಚಲಿನ ಬಕೆಟ್ಟು ಕೊಟ್ಟಳು. ಗಂಡಾಂತರ ಇಷ್ಟಕ್ಕೇ ಮುಗಿಯಿತಲ್ಲ ಎಂದು ಅವರು ಅರ್ಧ ನೊರೆಯ ಮುಖದಲ್ಲೇ ಹಲ್ಲು ಬಿಟ್ಟರು.

ಅಜ್ಜಿ ಮೊಬೈಲು ಕೆಳಗಿಳಿಸಿದಳು.

"ನಗಬೇಡಿ ಸ್ವಾಮಿ. ನಕ್ಕರೆ ಅಸಲಿ ಅನ್ನಿಸಲ್ಲ ಅಂತ ಆವತ್ತು ನೀವೇ ಹೇಳಿದ್ರಲ್ಲ."