ಇಕ್ಕಟ್ಟಿನ ದಾರಿ

“ಯಾರಿಗಾದ್ರೂ ಏನಾದ್ರೂ ಕೇಳೋದಿದ್ರೆ ಕೇಳಿ” ಎಂದು ವೇದಿಕೆಯ ಮೇಲಿಂದ ಮಗಳು ಹೇಳಿ ಮುಗಿಸುವಷ್ಟರಲ್ಲಿ, ಸಭಾಂಗಣದಲ್ಲಿ ಮೊದಲು ಮೇಲೆದ್ದ ಕೈ ಅತ್ತೆಯದು. ಪಕ್ಕದಲ್ಲಿ ಕೂತಿದ್ದ ಸೊಸೆ, ಆ ಮಗಳ ತಾಯಿ, ಅತ್ತೆಯ ಸೆರಗು ಹಿಡಿದೆಳೆದಳು. ಈ ಬಾಯಿಗೆ ಬೀಗವಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

“ಬೇಡ ಅತ್ತೆ, ಕೂತ್ಕೊಳ್ಳಿ.”

“ಸುಮ್ನಿರೇ. ಮೊಮ್ಮಗಳು ಕೇಳಿ ಅಂದ್ಲಲ್ಲ, ಕೇಳ್ತೀನಿ” ಎಂದು ಅತ್ತೆ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದೇ ನಿಂತರು. ಯಾರೋ ಮೈಕು ತಂದುಕೊಟ್ಟರು.

ಅಲ್ಲಿಯವರೆಗೆ ಎಲ್ಲವೂ ಸೊಗಸಾಗಿ ನಡೆದಿತ್ತು. ಹಳೆಯ ಮೂಳೆಗಳನ್ನು ಓದುವುದೇ ಮಗಳ ಕೆಲಸ. ಒಂದು ಕೈಯಲ್ಲಿ ಹೆಂಗಸಿನ ಸೊಂಟದ ಮೂಳೆಯ ಮಾದರಿ, ಇನ್ನೊಂದರಲ್ಲಿ ಹಸುಗೂಸಿನ ತಲೆಬುರುಡೆಯ ಮಾದರಿ ಹಿಡಿದು, ಮನುಷ್ಯರ ಹೆರಿಗೆ ಯಾಕಿಷ್ಟು ಕಷ್ಟ ಎಂದು ಕತೆ ಹೇಳಿದಂತೆ ಹೇಳಿದ್ದಳು. ನಾಲ್ಕು ಕಾಲು ಬಿಟ್ಟು ಎರಡು ಕಾಲ ಮೇಲೆ ಎದ್ದು ನಿಂತ ಜೀವಿಯ ಸೊಂಟ ಆ ನಡಿಗೆಗೆ ತಕ್ಕಂತೆ ಬದಲಾಗಿ, ಕೂಸು ಬರುವ ದಾರಿ ಇಕ್ಕಟ್ಟಾಯಿತು. ಆಮೇಲೆ ಮಿದುಳು ಬೆಳೆಯುತ್ತ ಹೋಯಿತು. ಕೂಸು ಆ ಇಕ್ಕಟ್ಟಿನಲ್ಲಿ ಹೊರಳಿ ತಿರುಗಿ ದಾರಿ ಮಾಡಿಕೊಳ್ಳಬೇಕಾಯಿತು. “ಇದೇ ಪೂರ್ತಿ ಕಾರಣ ಅಂತ ಎಲ್ಲರೂ ಒಪ್ಪಿಲ್ಲ, ನಮ್ಮವರ ಜಗಳ ಇನ್ನೂ ಮುಗಿದಿಲ್ಲ” ಎಂದು ನಕ್ಕಿದ್ದಳು. ಆ ಪುಟ್ಟ ಬುರುಡೆ ಮೂಳೆಯ ಬಳೆಯೊಳಗೆ ಅಂಚಿಗಂಚು ತಾಗಿ ನಿಂತಾಗ, ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಚೌಕಟ್ಟಿಗೆ ಗಾಜು ಕೂರಿಸುವ ತಾಯಿ ಉಸಿರು ಬಿಗಿಹಿಡಿದಿದ್ದಳು.

“ನಾನು ಐದು ಹೆತ್ತೆ, ಮನೇಲೇ” ಅತ್ತೆ ಮೈಕಿನಲ್ಲಿ ಶುರು ಮಾಡಿದರು. “ಇಗೋ ಇವಳು ನನ್ನ ಸೊಸೆ. ಇದ್ದೊಂದಕ್ಕೇ ಹೊಟ್ಟೆ ಕುಯ್ಯಿಸ್ಕೊಂಡ್ಳು. ಇವಳಿಗೆ ಹೆರೋಕೂ ಬರಲಿಲ್ಲ ಅಂತ ಬಂದವರಿಗೆ ಹೋದವರಿಗೆಲ್ಲ ಹೇಳಿದೀನಿ. ಇವತ್ತು ನಿನ್ನ ಮಾತು ಕೇಳಿ ಅನುಮಾನ ಬಂತು. ನಾನು ಹೇಳಿದ್ದು ಸರಿನಾ, ತಪ್ಪಾ? ಮೊಮ್ಮಗಳು ಅಂತ ಕೇಳ್ತಿಲ್ಲ. ಓದಿದವಳು ಅಂತ ಕೇಳ್ತಿದೀನಿ.”

ಸೊಸೆಗೆ ಕಿವಿಯವರೆಗೂ ಬಿಸಿಯೇರಿತು. ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿ ಮಡಿಲಲ್ಲಿದ್ದ ಕೈಚೀಲವನ್ನು ಅವುಚಿ ಹಿಡಿದಳು. ಹೆಂಗಸರ ನಡುವೆ ಹೆರಿಗೆಯ ಮಾತು ಬಂದಾಗಲೆಲ್ಲ ಏನೋ ಕೆಲಸವಿದ್ದವಳಂತೆ ಎದ್ದು ಒಳಗೆ ಹೋಗುವುದು ಅವಳಿಗೆ ರೂಢಿಯಾಗಿಹೋಗಿತ್ತು. ಇಲ್ಲಿ ಎದ್ದು ಹೋಗಲು ಒಳಮನೆ ಎಲ್ಲಿದೆ?

ಮಗಳು ಒಂದು ಗಳಿಗೆ ತಾಯಿಯನ್ನೇ ನೋಡಿದಳು. “ಅಜ್ಜೀ, ನೀವು ಹೆರುವಾಗ ಒಬ್ಬರೇ ಇದ್ರಾ?”

“ಒಬ್ಬಳೇ ಹೆಂಗಾಗುತ್ತೆ? ನಮ್ಮತ್ತಿಗೆ ಇದ್ಲಲ್ಲ. ಎರಡನೇದು ಅಡ್ಡ ತಿರುಗಿದಾಗ ಅವಳೇ ಹೊಟ್ಟೆ ನೀವಿ ನೀವಿ ಸರಿ ಮಾಡಿದ್ದು. ಇಲ್ದಿದ್ರೆ ನಾನೂ ಇಲ್ಲ, ಕೂಸೂ ಇಲ್ಲ.”

“ಆ ಎರಡನೇದು ನಮ್ಮಪ್ಪ ಅಲ್ವಾ?”

“ಅವನೇ. ಆಗಲೂ ಮೊಂಡ, ಈಗಲೂ ಮೊಂಡ.”

ಸಭೆ ಗೊಳ್ಳೆಂದಿತು. ನಗು ಇಳಿಯುವವರೆಗೆ ಕಾದು ಮಗಳು ಮೆಲ್ಲಗೆ ಹೇಳಿದಳು: “ಮನುಷ್ಯರಲ್ಲಿ ಕೂಸು ಸಾಮಾನ್ಯವಾಗಿ ತಾಯಿಯ ಬೆನ್ನಿನ ಕಡೆ ಮುಖ ಮಾಡ್ಕೊಂಡು ಬರುತ್ತೆ. ಹೆರೋಳು ತಾನೇ ಬಗ್ಗಿ ಎತ್ಕೊಳ್ಳೋದು ಕಷ್ಟ. ಅದಕ್ಕೇ ಮನುಷ್ಯರ ಹೆರಿಗೆಗೆ ಇನ್ನೊಬ್ಬರ ಕೈ ಬೇಕಾಯ್ತು ಅಂತಾರೆ. ನಿಮಗೆ ಅತ್ತಿಗೆಯ ಕೈ ಸಿಕ್ತು. ಅಮ್ಮನಿಗೆ ಡಾಕ್ಟರ ಕೈ ಸಿಕ್ತು.”

“ಹಂಗಾದ್ರೆ ಇವಳಲ್ಲಿ ಕೊರತೆ ಏನೂ ಇರಲಿಲ್ಲ ಅನ್ನು.”

“ಏನೂ ಇರಲಿಲ್ಲ. ಅಮ್ಮನ ಸೊಂಟ ನೆಟ್ಟಗೆ ನಡೆಯೋಕೆ ಹೇಗಿರಬೇಕೋ ಹಾಗೇ ಇತ್ತು. ಕೂಸಿನ ತಲೆ ದೊಡ್ಡದಿತ್ತು, ಅಷ್ಟೆ.” ಮಗಳು ಕೈಯಲ್ಲಿದ್ದ ಬುರುಡೆಯನ್ನು ಮೇಜಿನ ಮೇಲಿಟ್ಟು ತನ್ನ ಹಣೆಯನ್ನು ಬೆರಳಿನಿಂದ ತಟ್ಟಿದಳು. “ಆ ತಲೆ ಇದೇ ಅಜ್ಜಿ. ನೀವೀಗ ಪ್ರಶ್ನೆ ಕೇಳ್ತಿರೋದು ಇದನ್ನೇ.”

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನವರು “ಯಾರು, ಯಾರು” ಎಂದು ಕತ್ತು ಚಾಚಿ ನೋಡಿದರು. ಸೊಸೆ ತನಗೆ ಅಳು ಬರುತ್ತದೆ ಎಂದುಕೊಂಡಿದ್ದಳು, ಬಂದದ್ದು ನಗು. ಕೈಚೀಲವನ್ನು ಕಾಲ ಬಳಿ ಇಳಿಸಿ ಬೆನ್ನು ನೆಟ್ಟಗೆ ಮಾಡಿ ಕೂತಳು. ನೋಡುವವರು ನೋಡಲಿ. ಅತ್ತೆ ಮಾತ್ರ ಮೈಕು ವಾಪಸು ಕೊಟ್ಟು ಕೂತವರು ತುಟಿ ಪಿಟಕ್ಕೆನ್ನಲಿಲ್ಲ. ಆ ಬಾಯಿ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಸೊಸೆ ಕಂಡದ್ದು ಅದೇ ಮೊದಲು.

ಸಭೆ ಮುಗಿದಾಗ ಜನ ವೇದಿಕೆಯ ಮೆಟ್ಟಿಲ ಬಳಿ ಮುತ್ತಿಕೊಂಡರು. ಮಗಳ ತಲೆಗೂದಲು ಕೂಡ ಕಾಣುತ್ತಿರಲಿಲ್ಲ. ಸೊಸೆ ಎಂದಿನಂತೆ ಗೋಡೆಯ ಪಕ್ಕ ನಿಲ್ಲಲು ಹೊರಟಳು. ಬೆನ್ನ ಮೇಲೆ ಒಂದು ಕೈ ಬಿತ್ತು. ಒಣಗಿದ, ಗಟ್ಟಿಯಾದ ಕೈ. ಅದು ಅವಳನ್ನು ಗೋಡೆಯ ಕಡೆಗಲ್ಲ, ಜನರ ನಡುವಕ್ಕೆ ತಳ್ಳಿತು. ಕಿವಿಯ ಪಕ್ಕದಲ್ಲೇ ಅತ್ತೆಯ ದನಿ ಸಭಾಂಗಣ ತುಂಬುವಂತೆ ಎದ್ದಿತು:

“ಏನ್ರೀ, ಸ್ವಲ್ಪ ಸರೀರಿ, ದಾರಿ ಬಿಡಿ! ಆ ತಲೆ ಹೆತ್ತವಳು ಬರ್ತಿದ್ದಾಳೆ!”