ಕಾರಿನ ಕೂಗು

ಬರ್ನಿಸ್ ಗೊರ್ಸ್ಕಿ ಕೋಟನ್ನೂ ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂತರು. "ನನ್ನ ಗಂಡ ನಿದ್ದೆ ಹೋಗಿದ್ನೋ ಇಲ್ವೋ, ಅಷ್ಟು ಹೇಳಿಬಿಡು ಮಗಳೇ," ಎಂದರು.

ಹೀದರ್ ಕಂಪ್ಯೂಟರ್ ಬಿಟ್ಟು ಅವರತ್ತ ತಿರುಗಿದಳು. ಡೆಟ್ರಾಯಿಟ್‌ನ ಒಂದು ಕಾರು ಕಂಪನಿಯಲ್ಲಿ ಎಚ್ಚರಿಕೆಯ ದನಿಗಳನ್ನು ಹೊಂದಿಸುವುದು ಅವಳ ಕೆಲಸ. ಹೆದ್ದಾರಿಯಲ್ಲಿ ಕಾರು ತಾನೇ ಸ್ಟಿಯರಿಂಗ್ ತಿರುಗಿಸಿಕೊಂಡು ಹೋಗುತ್ತದೆ. ತನ್ನ ಕೈಲಾಗದ ತಿರುವು ಬಂದರೆ 'ಇನ್ನು ನೀನೇ ಹಿಡಿ' ಎನ್ನುವಂತೆ ಎಚ್ಚರಿಕೆಯ ಕೂಗು ಹಾಕಿ ಸ್ಟಿಯರಿಂಗ್ ಬಿಟ್ಟುಬಿಡುತ್ತದೆ. ಟೊಲೆಡೊದಲ್ಲಿ ಮೊಮ್ಮಗಳ ಮದುವೆ ಮುಗಿಸಿ ಮಾರನೇ ಬೆಳಿಗ್ಗೆ ಒಬ್ಬರೇ ಹೊರಟ ಕ್ಯಾಸಿಮಿರ್ ಗೊರ್ಸ್ಕಿ ಹಿಡಿಯಲೇ ಇಲ್ಲ. ಕಾರು ಸೇತುವೆಯ ಕಂಬಕ್ಕೆ ಬಡಿಯಿತು. ಕಾರು ಕೂಗಿದೆ, ಮುದುಕ ಮಲಗಿದ್ದ ಎಂದು ಕಂಪನಿ ಕೈ ತೊಳೆದುಕೊಂಡಿತು.

"ಮದುವೆಮನೇಲಿ ಬೇಡ ಬೇಡ ಅಂದ್ರೂ ಬಿಡದೆ ಅವನನ್ನ ನಡುರಾತ್ರಿವರೆಗೂ ಪೋಲ್ಕಾ ಡ್ಯಾನ್ಸ್ ಕುಣಿಸಿದೋಳು ನಾನು," ಎಂದರು ಬರ್ನಿಸ್. "ಅಪ್ಪನ್ನ ನಿದ್ದೆಗೆಡಿಸಿ ಕೊಂದೆ ಅಂತ ಮಗ ಮಾತು ಬಿಟ್ಟಿದಾನೆ. ಅವನು ಹೇಳೋದೂ ನಿಜವೇ ಏನೋ."

ಕಾರಿನ ಆ ಕೂಗನ್ನು ಮಾಡಿದವಳು ಹೀದರೇ. ಮೊದಲು ಅವಳು ಹೊಂದಿಸಿದ್ದು ದಪ್ಪ ದನಿಯನ್ನು. ಊಟದ ಬಿಡುವಿನಲ್ಲಿ ಆಫೀಸಿನವರನ್ನೇ ಒಬ್ಬೊಬ್ಬರಾಗಿ ಕೂರಿಸಿ ಪರೀಕ್ಷಿಸಿದಾಗ, ತಾತನ ಗೊರಕೆ ಇದ್ದ ಹಾಗಿದೆ ಎಂದು ನಕ್ಕುಬಿಟ್ಟರು. ಆಮೇಲೆ ಸೂಜಿಯಂತೆ ಚುಚ್ಚುವ ಸಣ್ಣ ಸಿಳ್ಳೆ ಮಾಡಿದಳು. ಎಲ್ಲರೂ ಥಟ್ಟನೆ ಸ್ಟಿಯರಿಂಗ್ ಹಿಡಿದರು. ಹಿಡಿಯದೇ ಏನು, ಎಲ್ಲರದೂ ಎಳೆಯ ಕಿವಿ, ಆ ಆಫೀಸಿನಲ್ಲಿ ನಲವತ್ತು ದಾಟಿದವರೇ ಇರಲಿಲ್ಲ. ಸಿಳ್ಳೆ ಪಾಸಾಯಿತು.

ಆ ಕೂಗನ್ನು ತನಗೊಮ್ಮೆ ಕೇಳಿಸಬೇಕೆಂದು ಬರ್ನಿಸ್ ಪಟ್ಟು ಹಿಡಿದರು. ಸುಮ್ಮನೆ ಯಾಕೆ ನೋವು ಮಾಡಿಕೊಳ್ಳುತ್ತೀರಿ ಎಂದು ಹೀದರ್ ಎಷ್ಟು ಹೇಳಿದರೂ ಕೇಳಲಿಲ್ಲ.

"ಅದು ಜೋರಾಗಿದ್ರೆ, ಕ್ಯಾಸ್ ಮಲಗಿದ್ದ ಅಂತ ಒಪ್ಕೋತೀನಿ. ತಪ್ಪು ನಂದೇ ಅಂತ ಮಗನ ಹತ್ರ ಹೋಗಿ ಹೇಳ್ತೀನಿ."

ಹೀದರ್ ಗುಂಡಿ ಒತ್ತಿದಳು. ಪಕ್ಕದ ಮೇಜಿನ ಟ್ರೆವರ್ ಮುಖ ಕಿವುಚಿ ಎರಡೂ ಕಿವಿ ಮುಚ್ಚಿಕೊಂಡ. ಹೊರಗಿನಿಂದ ಯಾರೋ ಬಂದು ಬಾಗಿಲು ಎಳೆದುಕೊಂಡು ಹೋದರು.

ಬರ್ನಿಸ್ ಕೈಚೀಲವನ್ನು ಎದೆಗವಚಿಕೊಂಡು, ಕಣ್ಣು ಮುಚ್ಚಿ ಕೂತೇ ಇದ್ದರು. ಹೀದರ್ ಗುಂಡಿಯನ್ನು ಒತ್ತಿಯೇ ಹಿಡಿದಿದ್ದಳು.

"ಹಾಕು ಮಗಳೇ," ಎಂದರು ಬರ್ನಿಸ್ ಮೆಲ್ಲಗೆ. "ನಾನು ಮನಸ್ಸು ಗಟ್ಟಿ ಮಾಡ್ಕೊಂಡೇ ಬಂದಿದೀನಿ."