ಏಳನೇ ಇಲಿಯ ಧೈರ್ಯ

ಬರೀ ನೀರು ಕುಡಿದಿದ್ದ ಏಳನೇ ಇಲಿ, ಪರೀಕ್ಷೆಯ ಪೆಟ್ಟಿಗೆಯ ನಟ್ಟನಡುವೆ ಬಂದು ಠೀವಿಯಿಂದ ಮೀಸೆ ತಿಕ್ಕಿಕೊಂಡಿತು. ಸಂಶೋಧಕಿ ಪಟ್ಟಿಯನ್ನು ಮತ್ತೊಮ್ಮೆ ನೋಡಿದಳು; ಅದು ಹೋಲಿಕೆಗೆಂದು ಔಷಧಿ ಕೊಡದೆ ಬಿಟ್ಟ ಇಲಿ. ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚಿಸಿ ಭಯ ಬಿಡಿಸಲೆಂದು ಎಲೆಯಿಂದ ತೆಗೆದ ಆಲ್ಕಲಾಯ್ಡ್ ಔಷಧಿ ಕುಡಿಸಿದ ಇಲಿಗಳೂ ಇಷ್ಟು ಧೈರ್ಯ ತೋರಿರಲಿಲ್ಲ. ಆರು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

"ಇದಕ್ಕೆ ಏನು ಕೊಟ್ರಿ?"

ಬೋನು ತೊಳೆಯುವ ಮುದುಕ ತಲೆ ಕೆರೆದುಕೊಂಡ. "ಏನೂ ಇಲ್ಲಮ್ಮ. ಪಾಪ, ಯಾವಾಗ್ಲೂ ಮೂಲೆ ಹಿಡಿದು ಕೂತಿರ್ತಿತ್ತು. ದಿನಾ ಅಂಗೈ ಮೇಲಿಟ್ಕೊಂಡು ಬೆನ್ನು ಸವರ್ತಿದ್ದೆ, ಅಷ್ಟೇ."

ಬೈಯಲು ಬಾಯಿ ತೆರೆದವಳು ಇಲಿಯತ್ತ ನೋಡಿದಳು. ಅದು ಮುದುಕನ ದನಿ ಬಂದ ಕಡೆ ಮೂಗೆತ್ತಿ ನಿಂತಿತ್ತು.

"ನಾಳೆ ಮೊದಲಿಂದ ಶುರು ಮಾಡೋಣ. ನಲವತ್ತು ಇಲಿಗೂ ಒಂದೇ ಸಮ ಬೆನ್ನು ಸವರ್ಬೇಕು. ಪಂಕ್ತಿಭೇದ ಮಾಡೋ ಹಾಗಿಲ್ಲ."

"ನಲವತ್ತಾ? ನನಗಿರೋದು ಎರಡೇ ಕೈಯಮ್ಮ!"

ಅವಳು ಅಂಗಿಯ ತೋಳು ಮಡಚಿದಳು. "ಇಪ್ಪತ್ತು ನನಗಿರ್ಲಿ. ಹೇಗೆ ಸವರೋದು, ತೋರಿಸಿ."